ಹಾಲ್‌ಗೂ ಅಡುಗೆಮನೆಗೂ ಒಂದೇ ರೇಡಿಯೋ

ಮನೆಯ ಎರಡು ಕಡೆ ಒಂದೇ ಆಡಿಯೋ ಒಟ್ಟಿಗೆ ಬರಬೇಕು. ಸುಲಭ ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ರಜೆಯಲ್ಲಿ ನಾವು ಮೂವರು ನಮ್ಮಲ್ಲೊಬ್ಬನ ಮನೆಯಲ್ಲಿ ಇದಕ್ಕೇ ಕೂತೆವು. ಅವನ ಅಜ್ಜಿಗೆ ಬೆಳಿಗ್ಗೆ ರೇಡಿಯೋ ವಾರ್ತೆ ಬೇಕೇ ಬೇಕು. ಹಾಲ್‌ನಲ್ಲಿ ಹಾಕಿದರೆ ಅಡುಗೆಮನೆಗೆ ಕೇಳಲ್ಲ, ಜೋರಾಗಿಟ್ಟರೆ ಉಳಿದವರಿಗೆ ತಲೆನೋವು.

ಮೊದಲು ಎರಡು ಫೋನಿನಲ್ಲಿ ಒಂದೇ ಆನ್‌ಲೈನ್ ರೇಡಿಯೋ ಹಾಕಿದೆವು. ಒಂದು ಇನ್ನೊಂದಕ್ಕಿಂತ ಎರಡು ಸೆಕೆಂಡ್ ಹಿಂದೆ. ಅಜ್ಜಿ ಅರ್ಧ ನಿಮಿಷ ಕೇಳಿ, "ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ಅಣಕಿಸ್ತಾನಲ್ರೋ, ಒಂದೂ ತಿಳಿಯಲ್ಲ, ಆರಿಸಿ" ಅಂದರು.

ಹಾಗಾದ್ರೆ ಎಷ್ಟು ವ್ಯತ್ಯಾಸ ಇರಬಹುದು? ಮಾತಿನಲ್ಲಿ ಸುಮಾರು 50 ಮಿಲಿಸೆಕೆಂಡ್ ದಾಟಿದರೆ ಕಿವಿ ಅದನ್ನು ಬೇರೆ ಪ್ರತಿಧ್ವನಿಯಾಗಿ ಕೇಳೋಕೆ ಶುರು ಮಾಡುತ್ತೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ಪೀಕರ್ 10 ಮೀಟರ್ ದೂರವಿದ್ದರೆ ಗಾಳಿಯಲ್ಲೇ 29 ಮಿಲಿಸೆಕೆಂಡ್ ಹೋಯ್ತು. ನಮ್ಮ ಸಿಸ್ಟಮ್‌ಗೆ ಉಳಿದದ್ದು ಇಪ್ಪತ್ತೇ!

ಎರಡನೇ ಪ್ರಯತ್ನ: ಎರಡು ರಾಸ್ಪ್‌ಬೆರಿ ಪೈ, ಎರಡರಲ್ಲೂ ಒಂದೇ ಫೈಲ್, ಒಂದೇ ಕ್ಷಣಕ್ಕೆ ಪ್ಲೇ. ಶುರುವಿನಲ್ಲಿ ಚೆನ್ನಾಗಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅಣಕ. ಕಾರಣ ಕ್ರಿಸ್ಟಲ್. ಪ್ರತಿ ಬೋರ್ಡಿನ ಗಡಿಯಾರದ ವೇಗ ಚೂರು ಬೇರೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50 ಭಾಗ ವ್ಯತ್ಯಾಸ ಇದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಜಾರುತ್ತೆ. 50ರ ಗಡಿ ಹದಿನೇಳು ನಿಮಿಷದಲ್ಲೇ ಬರುತ್ತೆ. ಅಂದ್ರೆ ಒಟ್ಟಿಗೆ ಶುರು ಮಾಡಿದ್ರೆ ಸಾಲದು, ದಾರಿಯುದ್ದಕ್ಕೂ ಸರಿಮಾಡ್ತಾ ಇರಬೇಕು.

ಈ ಕೆಲಸಕ್ಕೇ ಸ್ನ್ಯಾಪ್‌ಕಾಸ್ಟ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಒಂದು ಪೈನಲ್ಲಿ ಎಂಪಿಡಿ ರೇಡಿಯೋ ಹಿಡಿದು ಸ್ನ್ಯಾಪ್‌ಸರ್ವರ್‌ಗೆ ಕೊಡುತ್ತೆ. ಸರ್ವರ್ ಆಡಿಯೋವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಸಮಯದ ಮುದ್ರೆ ಒತ್ತಿ ವೈಫೈನಲ್ಲಿ ಕಳಿಸುತ್ತೆ. ಕ್ಲೈಂಟ್‌ಗಳು ಸರ್ವರಿನ ಗಡಿಯಾರದ ಜೊತೆ ತಮ್ಮ ಸಮಯ ಹೋಲಿಸಿಕೊಂಡು, ಮುದ್ರೆಯ ಸಮಯಕ್ಕೆ ಒಂದು ಸೆಕೆಂಡ್ ಬಫರ್ ಸೇರಿಸಿ ನುಡಿಸುತ್ತವೆ. ಹಿಂದೆ ಬಿದ್ದವನು ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ಬಿಡ್ತಾನೆ, ಮುಂದೆ ಓಡಿದವನು ಒಂದನ್ನು ಎರಡು ಸಲ ನುಡಿಸ್ತಾನೆ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ ಒಂದು ಹೋದರೆ ಯಾರಿಗೂ ಗೊತ್ತಾಗಲ್ಲ. (ಆ ಒಂದು ಸೆಕೆಂಡ್ ಬಫರಿನಿಂದಾಗಿ ಟಿವಿಗೆ ಇದನ್ನು ಜೋಡಿಸಬೇಡಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತೆ.)

ನಮ್ಮ ದಡ್ಡತನವನ್ನೂ ಹೇಳಿಬಿಡ್ತೀವಿ. ಅಡುಗೆಮನೆಯಲ್ಲಿ ವೈರ್ ಬೇಡ ಅಂತ ಬ್ಲೂಟೂತ್ ಸ್ಪೀಕರ್ ಇಟ್ಟಿದ್ವಿ. ಮತ್ತೆ ಪ್ರತಿಧ್ವನಿ! ಪೈ ಸರಿಯಾದ ಸಮಯಕ್ಕೇ ಕೊಡ್ತಿತ್ತು, ಸ್ಪೀಕರ್ ತಡ ಮಾಡ್ತಿತ್ತು. ಎರಡರ ಮಧ್ಯೆ ಫೋನ್ ಇಟ್ಟು 'ಟಿಕ್' ಶಬ್ದ ರೆಕಾರ್ಡ್ ಮಾಡಿ, ವೇವ್‌ಫಾರ್ಮ್‌ನಲ್ಲಿ ಅಂತರ ಅಳೆದೆವು. ಅಷ್ಟನ್ನು ಆ ಕ್ಲೈಂಟಿನ ಲೇಟೆನ್ಸಿಯಲ್ಲಿ ತುಂಬಿದರೆ ಸರಿಹೋಗುತ್ತೆ. ಆದರೆ ಬ್ಲೂಟೂತ್ ಕಡಿದು ಮತ್ತೆ ಸೇರಿದಾಗ ಅಂತರವೇ ಬದಲಾಗಿತ್ತು. ಕೊನೆಗೆ ವೈರೇ ಗತಿ. ಪೈ 3, 4ರಲ್ಲಿ ಹೆಡ್‌ಫೋನ್ ಜ್ಯಾಕ್ ಇದೆ; ಝೀರೋ ಮತ್ತು 5ರಲ್ಲಿ ಇಲ್ಲ, ಅವಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು.

ಈಗ ಅಜ್ಜಿ ಹಾಲ್‌ನಿಂದ ಅಡುಗೆಮನೆಗೆ ಹೋದರೂ ವಾರ್ತೆಯ ಒಂದು ಪದವೂ ತಪ್ಪಲ್ಲ. ದೇವರಮನೆಗೂ ಒಂದು ಬೇಕಂತೆ. ನಿಮ್ಮ ಹತ್ರ ಸುಮ್ನೆ ಬಿದ್ದಿರೋ ಪೈ ಇದ್ರೆ ಹೇಳಿ.