ಜೀರ್ಣೋದ್ಧಾರವೂ ಸಂರಕ್ಷಣೆಯೂ: ಬೆಂಗಳೂರಿನ ಪ್ರಾಚೀನ ಕಟ್ಟಡಗಳು

ಹಳೆಯ ಕಟ್ಟಡವೆಂಬುದು ಕೇವಲ ಕಲ್ಲು ಗಾರೆಗಳ ರಾಶಿಯಲ್ಲ. ಒಂದು ಊರಿನ ಪೂರ್ವಜೀವನಕ್ಕೆ ಅದು ಪ್ರತ್ಯಕ್ಷ ಸಾಕ್ಷಿ. ಈ ಸಾಕ್ಷ್ಯವನ್ನು ಓದುವ ಮೊದಲೇ ಅಳಿಸಿಬಿಟ್ಟರೆ ಆಗುವ ನಷ್ಟವೆಷ್ಟೆಂಬುದನ್ನು ಬೆಂಗಳೂರಿನ ನಿದರ್ಶನದಿಂದ ತಿಳಿಯಬಹುದು.

ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂಬುದು ಸರ್ವವಿದಿತ. ಹೊಯ್ಸಳ ವೀರಬಲ್ಲಾಳನಿಗೆ ಬೆಂದ ಕಾಳು ದೊರೆತುದರಿಂದ ಊರಿಗೆ ಈ ಹೆಸರು ಬಂದಿತೆಂಬ ಕಥೆಯೂ ಜನಜನಿತವೇ. ಆದರೆ ಗಂಗರ ಕಾಲದ ಬೇಗೂರು ನಾಗೇಶ್ವರ ದೇವಾಲಯದ ಆವರಣದಲ್ಲಿ ಕ್ರಿ.ಶ. ಸುಮಾರು 890ರ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದ ವೀರನ ಸ್ಮಾರಕ ಅದು. ಬಲ್ಲಾಳನಿಗಿಂತ ಸುಮಾರು ಮೂರು ಶತಮಾನಗಳಷ್ಟು ಹಿಂದೆಯೇ ಈ ಹೆಸರು ಬಳಕೆಯಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಒಂದೇ ಒಂದು ಕಲ್ಲು ಇಡೀ ಐತಿಹ್ಯವನ್ನು ತಿದ್ದಿತು!

ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳು ಅಂದಿನ ದಾನದತ್ತಿಗಳನ್ನು ತಿಳಿಸುತ್ತವೆ. 1781ರಲ್ಲಿ ಹೈದರಾಲಿ ಆರಂಭಿಸಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಬೇಸಿಗೆಯ ಅರಮನೆ ಮರಗೆಲಸಕ್ಕೆ ಹೆಸರಾಗಿದೆ. ಕೋಟೆಯ ಬಹುಭಾಗ ಕಣ್ಮರೆಯಾಗಿ, ದೆಹಲಿ ಬಾಗಿಲು ಮತ್ತು ಅದರ ಸುತ್ತಣ ಅಲ್ಪಭಾಗ ಉಳಿದಿವೆ.

ಇಂತಹ ಕಟ್ಟಡಗಳ ಅಧ್ಯಯನದಲ್ಲಿ ಮೊದಲ ಹೆಜ್ಜೆ ದಾಖಲೆ. ಅಳತೆ, ನಕ್ಷೆ, ಛಾಯಾಚಿತ್ರ, ಶಾಸನದ ಪಡಿಯಚ್ಚು ಇವು ಅದರ ಅಂಗಗಳು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಅವುಗಳ ಮಾತು ಉಳಿದಿರುವುದು ಗ್ರಂಥದಲ್ಲಿ ಮಾತ್ರ.

ಪೂಜೆ ನಡೆಯುವ ಗುಡಿ ಪಾಳುಬೀಳುವುದಿಲ್ಲ, ನಿಜ. ಆದರೆ ಅದಕ್ಕೆ ಭಕ್ತರ ಔದಾರ್ಯದಿಂದಲೇ ಅಪಾಯ ಒದಗುವುದುಂಟು. ಬಣ್ಣ ಬಳಿದಾಗ, ನುಣುಪು ಕಲ್ಲು ಹೊದಿಸಿದಾಗ, ಮರಳು ಸಿಡಿಸಿ ಗೋಡೆ ತೊಳೆದಾಗ ಅಕ್ಷರಗಳು ಮುಚ್ಚಿಹೋಗುತ್ತವೆ ಇಲ್ಲವೆ ಸವೆದುಹೋಗುತ್ತವೆ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ; ಗಡಸಾದ ಸಿಮೆಂಟು ಅದನ್ನು ಒಳಗೇ ತಡೆಯುತ್ತದೆ. ಹೀಗೆ ನಿಂತ ತೇವ ಮತ್ತು ಲವಣಗಳಿಂದ ಹಳೆಯ ಇಟ್ಟಿಗೆಯೂ ಮೆದುಕಲ್ಲೂ ಶಿಥಿಲವಾಗುತ್ತವೆ. ಆದುದರಿಂದ ಮೂಲದಲ್ಲಿ ಬಳಸಿದ ಸಾಮಗ್ರಿಯಿಂದಲೇ, ಅವಶ್ಯವಿದ್ದಷ್ಟೇ ದುರಸ್ತಿ ಮಾಡುವುದು ಸಂರಕ್ಷಣೆಯ ಮೂಲಸೂತ್ರ.

ಕೇಂದ್ರದ 1958ರ ಹಾಗೂ ರಾಜ್ಯದ 1961ರ ಅಧಿನಿಯಮಗಳು ಘೋಷಿತ ಸ್ಮಾರಕಗಳಿಗೆ ರಕ್ಷಣೆ ನೀಡುತ್ತವೆ. ಘೋಷಣೆಯಾಗದ ಗುಡಿ, ಮಂಟಪ, ವೀರಗಲ್ಲುಗಳ ಹೊಣೆ ಊರವರದು. ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ತಮ್ಮೂರಿನ ಹಳೆಯ ಕಟ್ಟಡದ ಬಳಿಗೆ ಕರೆದೊಯ್ದು ಅಳತೆ, ವಿವರಗಳನ್ನು ಬರೆಯಿಸಲಿ. ಹಳೆಯ ವಿದ್ಯಾರ್ಥಿಗಳು ಆ ಬರಹಗಳನ್ನು ಕಾಪಿಡಲು ನೆರವಾಗಲಿ. ಜೀರ್ಣೋದ್ಧಾರಕ್ಕೆ ಧನವೀಯುವ ಮಹನೀಯರು, ಶಾಸನಗಳ ದಾಖಲೆಯಾದ ಮೇಲೆಯೇ ಕೆಲಸ ಆರಂಭವಾಗಬೇಕೆಂದು ವಿಧಿಸಲಿ. ಹೊಸ ದಾನಿಯ ಹೆಸರು ಗೋಡೆಯ ಮೇಲೆ ಮೂಡುವಾಗ ಸಾವಿರ ವರ್ಷದ ಹಿಂದಿನ ದಾನಿಯ ಹೆಸರು ಅಳಿಯಬಾರದು.