ಹಿತ್ತಲ ಬಸ್ ಸ್ಟ್ಯಾಂಡ್, ಅಂಗಳದ ಕಾರು

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಬಾಪೂಜಿ ನಗರದ ಮಗ್ಗುಲಲ್ಲೇ ಇದೆ. ಮಂಡ್ಯ, ಮೈಸೂರು, ಮಡಿಕೇರಿ ಕಡೆಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳ ಜಾಗ ಇದು. ಮೈಸೂರಿನ ಬಸ್ಸಂತೂ ಒಂದರ ಬೆನ್ನಿಗೊಂದು ಹೊರಡುತ್ತದೆ. ಸುತ್ತಲಿನ ಮನೆಗಳವರು ಅದರ ವೇಳಾಪಟ್ಟಿ ನೋಡುವುದಿಲ್ಲ. ಚೀಲ ಹೆಗಲಿಗೇರಿಸಿ ಹೊರಟರೆ ಹತ್ತು ನಿಮಿಷಕ್ಕೆ ಸೀಟು. ಬೆಂಗಳೂರಿನ ಬೇರೆ ಮೂಲೆಯವರಿಗೆ ಈ ಸೌಕರ್ಯಕ್ಕೆ ದುಡ್ಡು ಬೀಳುತ್ತದೆ. ವೈಟ್‌ಫೀಲ್ಡ್‌ನಿಂದ 2023ರ ಅಕ್ಟೋಬರ್ ನಂತರ ಒಂದೇ ಮೆಟ್ರೋದಲ್ಲಿ ದೀಪಾಂಜಲಿ ನಗರಕ್ಕೆ ಬಂದು ಇಳಿಯಬಹುದಾದರೂ ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಯಲಹಂಕದವರು ಕ್ಯಾಬ್ ಹಿಡಿದರೆ ಮೈಸೂರಿನ ಟಿಕೆಟ್‌ಗಿಂತ ಮನೆಯಿಂದ ಬಸ್ ಸ್ಟ್ಯಾಂಡ್‌ವರೆಗಿನ ಬಾಡಿಗೆಯೇ ದೊಡ್ಡದು. ಬಾಪೂಜಿ ನಗರದವರ ಲೆಕ್ಕದಲ್ಲಿ ಆ ಸಾಲಿನ ಎದುರು ಸೊನ್ನೆ ಇದೆ. ಸೊನ್ನೆ ಇರುವುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಬಸ್ ಸ್ಟ್ಯಾಂಡಿಗೂ ಸಲ್ಲುವ ಮಾತು.

ಮೈಸೂರು ಹಳೆಯ ಕಾಲೇಜು ಊರು. ವಿಶ್ವವಿದ್ಯಾಲಯ 1916ರದು, ಎನ್‌ಐಇ 1946ರಲ್ಲಿ, ಎಸ್‌ಜೆಸಿಇ 1963ರಲ್ಲಿ ಶುರುವಾದವು. ಸಿಇಟಿ ಸೀಟು ಹಂಚಿಕೆ ಮುಗಿದ ಮೇಲೆ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದೇ ಪ್ರಶ್ನೆ: ಮಗ ಹಾಸ್ಟೆಲ್‌ನಲ್ಲಿ ಇರಲಿ ಸರಿ, ಆದರೆ ಮನೆಗೆ ಬಂದು ಹೋಗುವುದು ಹೇಗೆ? ಈ ಅಂಕಣ ಬರೆಯುವವನ ಮನೆಯಲ್ಲಿ 2023ರ ಆಗಸ್ಟ್‌ನಲ್ಲಿ ಅದಕ್ಕೆ ಸಿಕ್ಕ ಉತ್ತರ ಒಂದು ಸೆಕೆಂಡ್‌ಹ್ಯಾಂಡ್ ಕಾರು. ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿಯಲ್ಲಿ ಮನೆ ಇಟ್ಟುಕೊಂಡು, ಜನರ ಹಣದ ಬಗ್ಗೆ ವಾರವಾರ ಬರೆಯುವ ಮನುಷ್ಯ ಕಾರು ಕೊಂಡ.

ಕಾರಣಗಳು ಆಗ ಗಟ್ಟಿಯಾಗಿಯೇ ಕಂಡಿದ್ದವು. ಆ ವರ್ಷ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಗಿತ್ತು. ಮೈಸೂರು ಇನ್ನು ಒಂದೂವರೆ ಗಂಟೆಯ ದಾರಿ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಆ ಒಂದೂವರೆ ಗಂಟೆಯ ಗಡಿಯಾರ ಊರಾಚೆ, ಕೆಂಗೇರಿಯ ಕಡೆಯಿಂದ ಓಡತೊಡಗುತ್ತದೆ. ಬಾಪೂಜಿ ನಗರದಿಂದ ನಾಯಂಡಹಳ್ಳಿ ದಾಟಿ ಅಲ್ಲಿಗೆ ಮುಟ್ಟುವ ಹೊತ್ತನ್ನು ಯಾರೂ ಅದರಲ್ಲಿ ಸೇರಿಸುವುದಿಲ್ಲ. ಮನೆಯಲ್ಲಿದ್ದ ಸ್ಕೂಟರ್ ಈ ದಾರಿಗೆ ಒದಗುವಂತಿರಲಿಲ್ಲ, ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ ಬಂದಿತ್ತು. ಹಾಸಿಗೆ, ಬಕೆಟ್ಟು, ಪುಸ್ತಕದ ಪೆಟ್ಟಿಗೆ ಎಂಬ ಮೊದಲ ದಿನದ ಸಾಮಾನಿನ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಒಂದು ದಿನದ ಸಾಮಾನಿಗಾಗಿ ನಾಲ್ಕು ವರ್ಷದ ಸಾಲ.

ಬಸ್ಸಿನ ಖರ್ಚು ಮೊದಲು, ಅದು ಬೇಗ ಮುಗಿಯುತ್ತದೆ. 2023ರ ಮಾರ್ಚ್‌ನಲ್ಲಿ ಹೆದ್ದಾರಿಯ ಟೋಲ್‌ಗೆಂದು ಕೆಂಪು ಬಸ್ಸಿನ ಟಿಕೆಟ್ ಮೇಲೆ 15 ರೂಪಾಯಿ ಸೇರಿತು. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು. ಎಲ್ಲ ಸೇರಿ ಒಂದು ಕಡೆಗೆ 200 ರೂಪಾಯಿ ಎಂದು ಹಿಡಿದರೆ ದೊಡ್ಡ ತಪ್ಪಾಗದು. ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಿಂದ ಹಾಸ್ಟೆಲ್‌ಗೆ ಆಟೋ 150. ಟೌನ್ ಬಸ್ ಹಿಡಿದರೆ ಇದು ಇನ್ನೂ ಇಳಿಯುತ್ತದೆ, ಆದರೆ ಹುಡುಗರು ಹಿಡಿಯುವುದಿಲ್ಲ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಬಾಪೂಜಿ ನಗರದ ತುದಿಯಲ್ಲಿ ಖರ್ಚಿಲ್ಲ. ಒಮ್ಮೆ ಬಂದು ಹೋದರೆ 700. ಮಗಳಾಗಿದ್ದರೆ ಲೆಕ್ಕ ಇನ್ನೂ ಚಿಕ್ಕದು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಕೆಂಪು ಬಸ್ಸಿನಲ್ಲಿ ಶೂನ್ಯ ಟಿಕೆಟ್, ಉಳಿಯುವುದು ಆಟೋ ಬಾಡಿಗೆ ಮಾತ್ರ.

ಕಾರಿನ ಲೆಕ್ಕ ಉದ್ದ. ಕೊಳ್ಳುವ ಮುಂಚೆ ಕ್ಯಾಲೆಂಡರಿನ ಹಿಂಬದಿ ಅದನ್ನು ಬರೆದದ್ದು ಹೀಗೆ: ಬಾಪೂಜಿ ನಗರದಿಂದ ಹಾಸ್ಟೆಲ್‌ಗೆ 145 ಕಿಲೋಮೀಟರ್, ಹೋಗಿ ಬರಲು 290, ಲೀಟರಿಗೆ 16ರಂತೆ ಪೆಟ್ರೋಲ್ ಸುಮಾರು 1,850, ಮೂರು ಜನ ಕೂತರೆ ತಲೆಗೆ 616 ಚಿಲ್ಲರೆ. ಬಸ್ಸಿನ 700ಕ್ಕಿಂತ ಅಗ್ಗ! ಈ ಚೀಟಿ ಇಂದಿಗೂ ಮನೆಯಲ್ಲಿದೆ.

ಇದರಲ್ಲಿನ ಮೊದಲ ತಪ್ಪು ತಲೆ ಎಣಿಸಿದ್ದು. ಬಸ್ಸಿನಲ್ಲಿ ಬರಬೇಕಾದವನು ಒಬ್ಬನೇ. ಅಪ್ಪ ಅಮ್ಮನ ಸೀಟು ಕಾರು ಹುಟ್ಟಿಸಿದ ಪ್ರಯಾಣ. ಅದನ್ನು ಉಳಿತಾಯದ ಕಡೆ ಬರೆಯಲು ಬರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು, ಎರಡು ತಿಂಗಳು ಓಡಿಸುವವರೆಗೂ ಅದು ತಲೆಗೆ ಹೊಳೆಯಲಿಲ್ಲ. ಮಗ ಮನೆಗೆ ಒಮ್ಮೆ ಬಂದು ಹೋಗುವುದು ಬಸ್ಸಿನ ಲೆಕ್ಕದಲ್ಲಿ ಎರಡು ಟಿಕೆಟ್. ಕಾರಿಗೆ ಅದು ನಾಲ್ಕು ಸಲದ ದಾರಿ: ಶುಕ್ರವಾರ ಸಂಜೆ ಖಾಲಿ ಕಾರು ಮೈಸೂರಿಗೆ, ಅಲ್ಲಿಂದ ಹುಡುಗನ ಜತೆ ವಾಪಸ್, ಭಾನುವಾರ ಹುಡುಗನೊಂದಿಗೆ ಮೈಸೂರಿಗೆ, ರಾತ್ರಿ ಖಾಲಿ ಕಾರು ಮನೆಗೆ. 290 ಅಲ್ಲ, 580 ಕಿಲೋಮೀಟರ್. ಲೀಟರಿಗೆ 102ರಂತೆ ಪೆಟ್ರೋಲ್ 3,697. ಟೋಲ್ ಆಗ ಎರಡೂ ಭಾಗ ಸೇರಿ ಒಂದು ಕಡೆಗೆ 320, ಒಂದೇ ದಿನದಲ್ಲಿ ಹಿಂತಿರುಗಿದರೆ 485. ಎರಡು ಸುತ್ತಿಗೆ 970. ಮೊತ್ತ 4,667. ಕಾರಿನ ಬೆಲೆ, ಬಡ್ಡಿ, ವಿಮೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಅಷ್ಟರಲ್ಲೇ ಬಸ್ಸಿನ ಆರೂವರೆ ಪಟ್ಟು ಮೀರಿತು. ಹುಡುಗ ಎರಡೂ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡು ನಿದ್ದೆ ಮಾಡುತ್ತಿದ್ದ. ಬಸ್ಸಿನಲ್ಲೂ ಅವನು ಮಾಡುವುದು ಅದನ್ನೇ.

ಈಗ ಕಾರು. ಬೆಲೆ 4,50,000. ಕೈಯಿಂದ 1,00,000, ಉಳಿದ 3,50,000 ಸಾಲ, ಶೇ 9 ಫ್ಲಾಟ್, 48 ಕಂತು. 2025ರ ಆಗಸ್ಟ್‌ನಲ್ಲಿ, ಸರಿಯಾಗಿ 24 ಕಂತು ಕಟ್ಟಿದ ಮೇಲೆ, ಕಾರು 3,10,000ಕ್ಕೆ ಹೋಯಿತು. ಬೆಲೆಯಲ್ಲಿ ಕಳೆದದ್ದು 1,40,000. ಅಷ್ಟರಲ್ಲಿ ಕಟ್ಟಿದ ಬಡ್ಡಿ 90,500. ಸಾಲ ಮುಂಚಿತವಾಗಿ ತೀರಿಸಿದ್ದಕ್ಕೆ ಶೇ 4 ಶುಲ್ಕ, ಜಿಎಸ್‌ಟಿ ಸೇರಿ 9,500. ಎರಡು ವರ್ಷದ ವಿಮೆ, ಸರ್ವಿಸ್, ಎರಡು ಟೈರು, 52,000. ಒಟ್ಟು 2,92,000. ಕಂತಿನಲ್ಲಿ ಕಟ್ಟಿದ ಅಸಲನ್ನು ಇಲ್ಲಿ ಸೇರಿಸಿಲ್ಲ, ಸೇರಿಸಲೂಬಾರದು. ಅದು ಕಾರಿನ ಬೆಲೆಯೊಳಗೇ ಇದೆ. ಕೈಯಿಂದ ಹಾಕಿದ ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಬಿಟ್ಟಿದೆ.

ಎರಡು ವರ್ಷದಲ್ಲಿ ಮಗನನ್ನು ಕರೆತಂದು ಬಿಟ್ಟದ್ದು 28 ಸಲ. ಮೊದಲ ವರ್ಷ 19, ಎರಡನೆಯ ವರ್ಷ 9. ಉತ್ಸಾಹ ಇಳಿದ ವೇಗವನ್ನು ಈ ಎರಡು ಅಂಕಿ ಹೇಳುತ್ತವೆ. 28 ಸಲಕ್ಕೆ 16,240 ಕಿಲೋಮೀಟರ್. ಮೀಟರಿನಲ್ಲಿ ಒಟ್ಟು ಓಡಿದ್ದು 31,000 ಚಿಲ್ಲರೆ. ಉಳಿದದ್ದು ಮದುವೆ, ದೇವಸ್ಥಾನ, ನೆಂಟರ ಮನೆ. ಹಾಗಾಗಿ 2,92,000ದ ಅರ್ಧವನ್ನು ಮಾತ್ರ ಕಾಲೇಜಿನ ತಲೆಗೆ ಕಟ್ಟುವುದು ನ್ಯಾಯ: 1,46,000. ಅದನ್ನು 28ರಿಂದ ಭಾಗಿಸಿದರೆ 5,214. ಇದಕ್ಕೆ ದಾರಿಖರ್ಚು 4,667 ಕೂಡಿಸಿದರೆ 9,881. ಒಬ್ಬ ಹುಡುಗ ಒಂದು ವಾರಾಂತ್ಯ ಅಮ್ಮನ ಕೈಯ ಊಟ ಮಾಡಿ ಹೋಗಲು ತಗುಲಿದ ಖರ್ಚು ಇದು. ಬಸ್ಸಿನಲ್ಲಿ 700. ಹದಿನಾಲ್ಕು ಪಟ್ಟು.

2025ರ ಆಗಸ್ಟ್ 15ರಿಂದ, ಅಂದರೆ ಈ ಕಾರು ಮಾರಾಟವಾದ ತಿಂಗಳಲ್ಲೇ, ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು: 3,000 ರೂಪಾಯಿಗೆ 200 ಸಲ. ಲೆಕ್ಕ ಈಗ ಬದಲಾಗಿದೆ ಎನ್ನುವವರು ಇದ್ದಾರೆ. ಬದಲಾಗಿದ್ದು ಇಷ್ಟು: ಒಂದು ದಾರಿಗೆ ಎರಡು ಟೋಲ್, ನಾಲ್ಕು ದಾರಿಗೆ ಎಂಟು, ಸಲಕ್ಕೆ 15ರಂತೆ 120. ಉಳಿತಾಯ 850. ಆಗಲೂ ಒಮ್ಮೆ ಬಂದು ಹೋಗುವ ಖರ್ಚು ಒಂಬತ್ತು ಸಾವಿರದ ಮೇಲೆಯೇ ನಿಲ್ಲುತ್ತದೆ. ಟೋಲ್ ಮೊದಲಿನಿಂದಲೂ ಈ ಲೆಕ್ಕದ ಸಣ್ಣ ಸಾಲು.

ದೊಡ್ಡ ಸಾಲುಗಳಲ್ಲಿ ಒಂದು ಫ್ಲಾಟ್ ಬಡ್ಡಿ. ಈ ಸರಕಿನ ಬಗ್ಗೆ ಸೌಮ್ಯವಾಗಿ ಬರೆಯುವುದು ಕಷ್ಟ. 3,50,000ಕ್ಕೆ ಶೇ 9ರಂತೆ ವರ್ಷಕ್ಕೆ 31,500, ನಾಲ್ಕು ವರ್ಷಕ್ಕೆ 1,26,000. ಅಸಲು ಸೇರಿಸಿ 48ರಿಂದ ಭಾಗಿಸಿದರೆ ಕಂತು 9,917. ಅದೇ ಶೇ 9 ರಿಡ್ಯೂಸಿಂಗ್ ಆಗಿದ್ದರೆ ಕಂತು 8,710, ಒಟ್ಟು ಬಡ್ಡಿ 68,000. 9,917ರ ಕಂತನ್ನು ರಿಡ್ಯೂಸಿಂಗ್‌ಗೆ ತಿರುಗಿಸಿದರೆ ದರ ಶೇ 16. ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಕೊನೆಯ ಕಂತಿನವರೆಗೆ ಪೂರ್ತಿ ಅಸಲಿನ ಮೇಲೆ ಬಡ್ಡಿ ಎಣಿಸುವ ಪದ್ಧತಿಗೆ 'ಸರಳ' ಎಂದು ಹೆಸರಿಟ್ಟು ಮಾರುತ್ತಾರೆ. ಒಂಬತ್ತು ಅಂದರೆ ಒಂಬತ್ತೇ ಸಾರ್, ಅಂದಿದ್ದ ಕೌಂಟರಿನ ಹುಡುಗ. ಅವನು ಸುಳ್ಳೇನೂ ಹೇಳಿರಲಿಲ್ಲ. ಕೇಳಿದವನು ಮುಂದಿನ ಪ್ರಶ್ನೆ ಕೇಳಲಿಲ್ಲ, ಅವನ ಕಣ್ಣು ಬಣ್ಣದ ಮೇಲಿತ್ತು. ಚಿಲ್ಲರೆ ಸಾಲಗಳಿಗೆ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಮುಖ್ಯ ಮಾಹಿತಿ ಪತ್ರದಲ್ಲಿ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೇಳಿ, ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಈಗ ಸಾಲ ತೆಗೆಯುವವರು ಆ ಪತ್ರದಲ್ಲಿ ಆ ಒಂದು ಅಂಕಿಯನ್ನು ಹುಡುಕಿದರೆ ಸಾಕು. ಹುಡುಕದೆ ಸಹಿ ಹಾಕುವವರಿಗೆ ಯಾವ ಸುತ್ತೋಲೆಯೂ ನೆರವಾಗದು. ಮುಂಚಿತ ತೀರಿಕೆಯ ಶುಲ್ಕವೂ ಹಾಗೆಯೇ: ವ್ಯಕ್ತಿಗಳು ಸ್ವಂತಕ್ಕೆ ತೆಗೆದ ಫ್ಲೋಟಿಂಗ್ ದರದ ಸಾಲಕ್ಕೆ ಅದಿಲ್ಲ, ಆದರೆ ಸೆಕೆಂಡ್‌ಹ್ಯಾಂಡ್ ಕಾರಿನ ಸಾಲ ಸಾಮಾನ್ಯವಾಗಿ ಫಿಕ್ಸೆಡ್.

ಲೆಕ್ಕಕ್ಕೆ ಬಾರದ ಇನ್ನೊಂದು ಖರ್ಚು ದಾರಿಬದಿಯದು. ಹೆದ್ದಾರಿ ಮದ್ದೂರನ್ನು ಪಕ್ಕಕ್ಕಿಟ್ಟು ಹೋದರೂ ಕಾರು ಮದ್ದೂರು ವಡೆಗೆಂದು ಪಕ್ಕಕ್ಕೆ ತಿರುಗುತ್ತದೆ. ಒಮ್ಮೆ ನಿಂತರೆ ಮೂರು ಜನಕ್ಕೆ ನಾನೂರು ಐನೂರು. ತಡೆರಹಿತ ಬಸ್ಸಿನಲ್ಲಿ ಕೂತವನ ಕೈಗೆ ಅಂಥ ಅವಕಾಶ ಸಿಗುವುದಿಲ್ಲ. ಸ್ಟೀರಿಂಗ್ ಸ್ವಂತದ್ದಾದ ಮೇಲೆ ನಿಲ್ಲಿಸುವ ಚಟ ಬರುತ್ತದೆ. ಎಳನೀರು, ಕಾಫಿ, ಚನ್ನಪಟ್ಟಣದಲ್ಲಿ ಬೇಡದ ಮರದ ಗೊಂಬೆ. ಮನೆಯವರು ಬರೆದಿಡುವ ಜನವಾದರೆ ತಿಂಗಳಿಗೊಮ್ಮೆಯಾದರೂ ಎಚ್ಚರವಾಗುತ್ತದೆ. ಈ ಮನೆಯಲ್ಲಿ ಪೆಟ್ರೋಲ್ ಮಾತ್ರ ಬರೆದಿಟ್ಟಿದ್ದರು, ಏಕೆಂದರೆ ಪೆಟ್ರೋಲ್ ಒಂದೇ ಖರ್ಚೆಂಬ ನಂಬಿಕೆ ಗಟ್ಟಿಯಾಗಿತ್ತು. ಹುಡುಗರಿಗೂ ಇದೇ ಪಾಠ ಹೋಗುತ್ತದೆ. ಅಪ್ಪ ಬಂದು ಕರೆದೊಯ್ಯುತ್ತಾನೆ ಎಂದು ಗೊತ್ತಿದ್ದವನು ಗುರುವಾರ ರಾತ್ರಿಯವರೆಗೂ ಬರುವುದೋ ಬೇಡವೋ ಎಂದು ಹೇಳುವುದಿಲ್ಲ. ಟಿಕೆಟ್ ಬುಕ್ ಮಾಡಬೇಕಾದವನು ಸೋಮವಾರವೇ ಹೇಳುತ್ತಾನೆ.

ಬುಕ್ ಮಾಡುವುದರಲ್ಲಿ ಕೆಲವು ರೂಪಾಯಿ ಉಳಿಯುತ್ತದೆ. ಕೆಎಸ್‌ಆರ್‌ಟಿಸಿಯಲ್ಲಿ ಹೋಗುವ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಬರುವ ಟಿಕೆಟ್ ಮೇಲೆ ಶೇ 10, ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿದ್ದರೆ ಶೇ 5 ರಿಯಾಯಿತಿ. ಹಾಸ್ಟೆಲ್ ಹುಡುಗರು ನಾಲ್ವರು ಕೂಡುವುದು ಕಷ್ಟವಲ್ಲ. ಖಾಸಗಿ ಬುಕಿಂಗ್ ಆ್ಯಪ್‌ಗಳಲ್ಲಿ ಮೊದಲೇ ಟಿಕ್ ಆಗಿ ಬರುವ ವಿಮೆಯ ಚೌಕವನ್ನು ತೆಗೆದರೆ ಹತ್ತಿಪ್ಪತ್ತು ಉಳಿಯುತ್ತದೆ. ನಿಗಮದ ಬಸ್ಸಿನ ಪ್ರಯಾಣಿಕರಿಗೆ ಅಪಘಾತ ಪರಿಹಾರ ನಿಧಿ ಇದೆ, ಸಾವಿನ ಪರಿಹಾರ 2024ರ ಜನವರಿಯಿಂದ 3 ಲಕ್ಷದಿಂದ 10 ಲಕ್ಷಕ್ಕೆ ಏರಿದೆ. ಭಾನುವಾರ ಸಂಜೆ ಸ್ಯಾಟಲೈಟ್‌ನಲ್ಲಿ ಸೀಟಿಗೆ ನೂಕುನುಗ್ಗಲು ಇರುತ್ತದೆ, ಸೋಮವಾರ ಬೆಳಗಿನ ಮೊದಲ ಬಸ್ಸುಗಳಲ್ಲಿ ಅಷ್ಟಿಲ್ಲ. ದಸರಾ ಹೊತ್ತಿಗೆ ಇಲ್ಲಿಂದ ಮೈಸೂರಿಗೆ ವಿಶೇಷ ಬಸ್ಸುಗಳು ಬರುತ್ತವೆ, ಆಗಲೂ ಆಯುಧಪೂಜೆಯ ಹಿಂದಿನ ದಿನ ನಿಂತು ಹೋಗುವ ಸಿದ್ಧತೆ ಬೇಕು. ರೈಲು ಇನ್ನೂ ಅಗ್ಗ, ಕೆಂಗೇರಿಯಲ್ಲಿ ಹತ್ತಬಹುದು. ವೇಳೆಗೆ ಕಾಯುವ ತಾಳ್ಮೆ ಇದ್ದವರಿಗೆ.

ಸಾಮಾನಿನ ಭಯ ಉಳಿಯಿತು. ಬಸ್ಸಿನಲ್ಲಿ ಒಬ್ಬರಿಗೆ 30 ಕೆಜಿವರೆಗೆ ಲಗೇಜಿಗೆ ದುಡ್ಡಿಲ್ಲ. ಹುಡುಗನ ಪುಸ್ತಕ, ಬಟ್ಟೆ, ಬಕೆಟ್ಟು ಇದರೊಳಗೆ ಮುಗಿಯುತ್ತದೆ, ಹಾಸಿಗೆ ಮೈಸೂರಿನಲ್ಲೇ ಸಿಗುತ್ತದೆ. 2027ರಲ್ಲಿ ಕೋರ್ಸ್ ಮುಗಿದು ಕೋಣೆ ಖಾಲಿ ಮಾಡುವ ದಿನಕ್ಕೆ ಒಂದು ಬಾಡಿಗೆ ಕಾರು ಹೇಳಿದರಾಯಿತು, ಒಂದು ದಿನಕ್ಕೆ.