ತಪ್ಪಿದ ಕೀಲನ್ನು ಮನೆಯಲ್ಲಿ ಎಳೆಯಬೇಡಿ

ಸ್ಕೂಟರಿನಿಂದ ಉರುಳಿದರೂ ಸರಿ, ಒದ್ದೆ ನೆಲದಲ್ಲಿ ಜಾರಿದರೂ ಸರಿ, ಬೀಳುವಾಗ ನಾವೆಲ್ಲ ಕೈಯೂರುತ್ತೇವೆ. ಮೈಭಾರವೆಲ್ಲ ಅಂಗೈಗೆ ಬಿದ್ದು, ಆ ಪೆಟ್ಟು ಭುಜದವರೆಗೂ ಏರುತ್ತದೆ. ಆಗ ಮೂಳೆ ಮುರಿಯುವುದರ ಜೊತೆಗೆ ಕೀಲೂ ತಪ್ಪಬಹುದು. ಅದನ್ನು ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ನೀವುತ್ತಾ ಕೂರುತ್ತೀರಲ್ಲ, ಆ ಅಭ್ಯಾಸ ಮೊದಲು ಬಿಡಿ. ತಪ್ಪಿದ ಕೀಲನ್ನು ಆದಷ್ಟು ಬೇಗ ಕೂರಿಸಬೇಕು. ತಡವಾದಷ್ಟೂ ಸ್ನಾಯು ಬಿಗಿದು ಕೆಲಸ ಕಷ್ಟವಾಗುತ್ತದೆ.

ಬೇಗ ಎಂದೆನೆಂದು ಮನೆಯ ಗಟ್ಟಿಗರ ಕೈಗೆ ತೋಳು ಕೊಟ್ಟೀರಿ, ಜೋಕೆ! ಆತುರಗಾರನಿಗೆ ಬುದ್ಧಿ ಮಟ್ಟ. ಭುಜದ ಕೀಲು ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನ ಹಾಗೆ, ಸುಲಭವಾಗಿ ಜಾರುತ್ತದೆ, ಹೆಚ್ಚಾಗಿ ಮುಂದಕ್ಕೆ. ತೋಳಿನ ಮೂಳೆಯ ಕತ್ತಿನಲ್ಲಿ ಬಿರುಕಿದ್ದಾಗ ಎಳೆದರೆ ಆ ಮೂಳೆಯ ತಲೆಯೇ ಬೇರೆಯಾಗಬಹುದು. ಪಕ್ಕದಲ್ಲೇ ಹಾಯುವ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ಅದಕ್ಕೇ ಡಾಕ್ಟರು ಕೂರಿಸುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ ಎಕ್ಸರೇ ತೆಗೆಸುತ್ತಾರೆ. ಎರಡೆರಡು ಸಲ ಯಾಕೆ ಎಂದು ಗೊಣಗಬೇಡಿ.

ಆಸ್ಪತ್ರೆಗೆ ಹೊರಡುವ ಮುನ್ನ ಬಳೆ, ಉಂಗುರ, ವಾಚು ತೆಗೆದುಬಿಡಿ. ಬಾವು ಬಂದರೆ ಸೋಪು ಹಚ್ಚಿದರೂ ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಕೈ ಹೇಗಿದೆಯೋ ಹಾಗೇ ಟವೆಲಿನಲ್ಲಿ ಜೋಲಿ ಕಟ್ಟಿ, ನೆಟ್ಟಗೆ ಮಾಡಲು ಹೋಗಬೇಡಿ. ಕಾಫಿ, ತಿಂಡಿ ಏನೂ ಬೇಡ, ಅರಿವಳಿಕೆ ಕೊಡಬೇಕಾಗಬಹುದು. ತೋಳಿನ ಮೇಲ್ಭಾಗದ ಹೊರಬದಿಯನ್ನು ಮೆಲ್ಲಗೆ ಮುಟ್ಟಿ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳನ್ನೂ ಮುಟ್ಟಿ. ಜೋಮು ಹಿಡಿದಿದ್ದರೆ ನರಕ್ಕೆ ತೊಂದರೆಯಾಗಿರಬಹುದು, ಡಾಕ್ಟರಿಗೆ ಹೇಳಲೇಬೇಕು. ಹೇಗೆ ಬಿದ್ದಿರಿ ಎಂಬುದನ್ನೂ ಮುಚ್ಚಿಡಬೇಡಿ. ಫಿಟ್ಸ್ ಬಂದಾಗ, ಕರೆಂಟ್ ಹೊಡೆದಾಗ ಭುಜ ಹಿಂದಕ್ಕೆ ಜಾರುವುದುಂಟು. ಎದುರಿನಿಂದ ತೆಗೆದ ಎಕ್ಸರೇಯಲ್ಲಿ ಅದು ಕಣ್ತಪ್ಪಿ ಹೋಗುತ್ತದೆ.

ಮಣಿಕಟ್ಟಿನದು ಇನ್ನೂ ಮೋಸ. ಎಕ್ಸರೇ ಎಂಬುದೇ ಇಲ್ಲದ 1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ ಇಲ್ಲಿನ ಮುರಿತವನ್ನು ವಿವರಿಸಿದ್ದರು. ಈಗ ಊರೂರಲ್ಲಿ ಎಕ್ಸರೇ ಇದ್ದರೂ ನೀವು ತೆಗೆಸುವುದಿಲ್ಲವಲ್ಲ! ಅಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಅವು ಜಾಗ ತಪ್ಪಿದ್ದು ಪಕ್ಕದಿಂದ ತೆಗೆದ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಿದ್ದೂ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದರೆ ನಿರಾಳವಾಗಬೇಡಿ. ಎರಡು ವಾರದೊಳಗೆ ಮತ್ತೆ ತೋರಿಸಿ.

ನಾಟಿ ಕಟ್ಟಿನ ಮೇಲೆ ನಿಮಗಿರುವ ನಂಬಿಕೆ ನನಗೆ ಗೊತ್ತು. ಆದರೆ ಚಿನ್ನದ ಸೂಜಿ ಎಂದು ಕಣ್ಣಿಗೆ ಚುಚ್ಚಿಕೊಳ್ಳುತ್ತಾರೆಯೇ? ಬಿಗಿಯಾದ ಬಿದಿರುಪಟ್ಟಿಯ ಕೆಳಗೆ ರಕ್ತ ಓಡದೆ ಕೈಯೇ ಸತ್ತುಹೋಗಬಹುದು. ಆಸ್ಪತ್ರೆಯ ಪ್ಲಾಸ್ಟರಾದರೂ ಅಷ್ಟೇ. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಬೆರಳು ನೀಡಿದಾಗ ಪ್ರಾಣ ಹೋಗುವಷ್ಟು ನೋವಾದರೆ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಹೋಗಿ. ತುರಿಕೆಯೆಂದು ಒಳಗೆ ಕಡ್ಡಿ, ಸ್ಕೇಲು ತೂರಿಸಬೇಡಿ.

ಬೇಡವೆಂದು ಡಾಕ್ಟರು ಹೇಳದಿದ್ದರೆ ಮೊದಲ ದಿನದಿಂದಲೇ ಬೆರಳು ಮಡಿಸಿ ಬಿಡಿಸುತ್ತಿರಿ. ಭುಜದ ವ್ಯಾಯಾಮ ಅವರು ಹೇಳಿದ ದಿನ ಶುರುಮಾಡಿ, ನೋವಿಗೆ ಹೆದರಿ ಮುಂದೂಡಿದರೆ ಜಡೆ ಹಾಕಲೂ ಕೈ ಏಳುವುದಿಲ್ಲ. ಐವತ್ತು ದಾಟಿದ ಹೆಂಗಸರು ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ನೀವಾಗಿ ಡಾಕ್ಟರನ್ನು ಕೇಳಿ.